ಆಕ್ಯುಪೇಷನಲ್ ಥೆರಪಿಯ ವಿವರವಾದ ಮೌಲ್ಯಮಾಪನ: ಅಲ್ಲಿ ಏನು ನಡೆಯುತ್ತದೆ, ಏಕೆ ನಡೆಯುತ್ತದೆ?

[ದೃಶ್ಯ: ಶರ್ಟಿನ ಗುಂಡಿ ಹಾಕಿಕೊಳ್ಳಲು ಪ್ರಯತ್ನಿಸುತ್ತಿರುವ ಮಗುವಿನ ಕೈಗಳು]

ನಮಸ್ಕಾರ. ಮಗುವಿಗೆ ಗುಂಡಿ ಹಾಕಿಕೊಳ್ಳಲು ಬರುತ್ತಿಲ್ಲ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತದೆ, ಗದ್ದಲವಿದ್ದಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತದೆ; ಅಥವಾ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಸ್ನಾನ, ಉಡುಪು, ಅಡುಗೆ ಮೊದಲಿನಂತೆ ಸಾಧ್ಯವಾಗುತ್ತಿಲ್ಲ. ಇಂಥ ಸಂದರ್ಭಗಳಲ್ಲಿ ಆಕ್ಯುಪೇಷನಲ್ ಥೆರಪಿಯ, ಅಂದರೆ ದಿನನಿತ್ಯದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆಯ, ವಿವರವಾದ ಮೌಲ್ಯಮಾಪನ ಮಾಡಿಸುವಂತೆ ವೈದ್ಯರು ಸೂಚಿಸುತ್ತಾರೆ. ಅದನ್ನು ಕೇಳಿದ ಅನೇಕ ಪೋಷಕರು ಇದೊಂದು ಪರೀಕ್ಷೆಯೆಂದು ಭಾವಿಸಿ, ಮಗುವಿಗೆ ಮುಂಚಿತವಾಗಿಯೇ ಅಭ್ಯಾಸ ಮಾಡಿಸಲು ತೊಡಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ತೇರ್ಗಡೆಯೂ ಇಲ್ಲ, ಅನುತ್ತೀರ್ಣವೂ ಇಲ್ಲ. ದಿನನಿತ್ಯದ ಯಾವ ಕೆಲಸ ಎಲ್ಲಿ ತೊಡಕಾಗುತ್ತಿದೆ ಎಂಬುದನ್ನು ಕಂಡುಕೊಳ್ಳುವುದೇ ಇದರ ಉದ್ದೇಶವಾಗಿರುವುದರಿಂದ, ಆ ತೊಡಕು ಇದ್ದ ಹಾಗೆಯೇ ಥೆರಪಿಸ್ಟರ ಕಣ್ಣಿಗೆ ಬೀಳಬೇಕು.

[ದೃಶ್ಯ: ಥೆರಪಿಸ್ಟ್ ಮತ್ತು ಪೋಷಕರ ಮಾತುಕತೆ]

ಮೊದಲು ನಡೆಯುವುದು ಮಾತುಕತೆ. ನನ್ನ ದೃಷ್ಟಿಯಲ್ಲಿ ಇಡೀ ಮೌಲ್ಯಮಾಪನದ ತಳಹದಿ ಇದೇ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗಿನ ದಿನಚರಿ, ಊಟ, ನಿದ್ರೆ, ಆಟ, ಶಾಲೆ ಅಥವಾ ಉದ್ಯೋಗ, ಹಿಂದಿನ ಕಾಯಿಲೆಗಳು, ಮನೆಯ ಮೆಟ್ಟಿಲು ಮತ್ತು ಸ್ನಾನಗೃಹದ ರಚನೆಯವರೆಗೆ ಥೆರಪಿಸ್ಟ್ ವಿಚಾರಿಸುತ್ತಾರೆ. ‘ಅವನು ಎಲ್ಲದರಲ್ಲೂ ನಿಧಾನ’ ಎನ್ನುವುದಕ್ಕಿಂತ, ‘ಸಾಕ್ಸ್ ಹಾಕಿಕೊಳ್ಳುವಾಗ ಹಿಮ್ಮಡಿಯ ಬಳಿ ಸಿಕ್ಕಿಕೊಂಡು ನಿಲ್ಲುತ್ತಾನೆ’ ಎಂದು ಹೇಳಿದರೆ ಅವರಿಗೆ ಹೆಚ್ಚು ಉಪಯೋಗವಾಗುತ್ತದೆ. ಸಾಧ್ಯವಾದರೆ ಅಂಥ ಒಂದೆರಡು ಸಂದರ್ಭಗಳ ಮೊಬೈಲ್ ವಿಡಿಯೋ, ಶಾಲೆಯ ನೋಟ್ ಪುಸ್ತಕ ಮತ್ತು ಹಳೆಯ ವೈದ್ಯಕೀಯ ವರದಿಗಳನ್ನು ಜೊತೆಗೆ ಒಯ್ಯಿರಿ. ಕನ್ನಡಕ ಅಥವಾ ಶ್ರವಣ ಸಾಧನ ಬಳಸುವವರು ಅದನ್ನು ಮರೆಯಬಾರದು.

ವಯಸ್ಕರ ವಿಷಯದಲ್ಲಿ, ತಮಗೆ ಮುಖ್ಯವೆನಿಸಿದ ಕೆಲಸಗಳನ್ನು ಅವರೇ ಆರಿಸಿ ಹೇಳಬೇಕಾಗುತ್ತದೆ. ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ ಎಂಬ ಸಾಧನದಲ್ಲಿ, ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇವೆ, ಅದರಲ್ಲಿ ಎಷ್ಟು ತೃಪ್ತಿಯಿದೆ ಎಂಬುದಕ್ಕೆ ಅವರೇ 1ರಿಂದ 10ರವರೆಗಿನ ಅಂಕ ಕೊಡುತ್ತಾರೆ. ಮನೆಯವರ ದೃಷ್ಟಿಯಲ್ಲಿ ನಡೆದಾಡುವುದೇ ದೊಡ್ಡ ವಿಷಯವಾಗಿರಬಹುದು. ಆದರೆ ಕಾಯಿಲೆಯಿಂದ ಎದ್ದವರಿಗೆ ಯಾರ ನೆರವೂ ಇಲ್ಲದೆ ಶೌಚಾಲಯಕ್ಕೆ ಹೋಗಿಬರುವುದೇ ಎಲ್ಲಕ್ಕಿಂತ ಮಿಗಿಲಾಗಿರಬಹುದು. ಆದ್ದರಿಂದ ಅವರ ಪರವಾಗಿ ನೀವೇ ಉತ್ತರಿಸಿಬಿಡಬೇಡಿ.

[ದೃಶ್ಯ: ಮಗು ಗುಂಡಿ ಹಾಕಿಕೊಳ್ಳುವುದನ್ನು ಥೆರಪಿಸ್ಟ್ ಪಕ್ಕದಲ್ಲಿ ಕುಳಿತು ನೋಡುವುದು]

ಅನಂತರದ ಹಂತ ಅವಲೋಕನ. ಹೊರಗಿನಿಂದ ನೋಡುವವರಿಗೆ ಇದು ಬರೀ ಆಟದಂತೆ ಕಾಣುತ್ತದೆ. ಆದರೆ ಗುಂಡಿ ಹಾಕುವ ಒಂದೇ ಕೆಲಸದಲ್ಲಿ ಥೆರಪಿಸ್ಟ್ ಎಷ್ಟೊಂದು ಸಂಗತಿಗಳನ್ನು ಗಮನಿಸುತ್ತಾರೆ ನೋಡಿ: ಬೆರಳುಗಳಲ್ಲಿ ಬಲವಿದೆಯೇ, ಗುಂಡಿಯ ಅಂಚು ಸ್ಪರ್ಶಕ್ಕೆ ಸರಿಯಾಗಿ ತಿಳಿಯುತ್ತಿದೆಯೇ, ಒಂದು ಕೈ ಬಟ್ಟೆಯನ್ನು ಹಿಡಿದಿರುವಾಗ ಇನ್ನೊಂದು ಕೈ ಗುಂಡಿಯನ್ನು ತೂರಿಸಬಲ್ಲದೇ, ಕಣ್ಣು ಕೈಯನ್ನು ಹಿಂಬಾಲಿಸುತ್ತಿದೆಯೇ, ಮುಂದಿನ ಹೆಜ್ಜೆ ಯಾವುದೆಂದು ಮಗುವಿಗೆ ಹೊಳೆಯುತ್ತಿದೆಯೇ, ಬೆನ್ನು ನೆಟ್ಟಗೆ ನಿಲ್ಲದೆ ದೇಹವೇ ಒಂದು ಕಡೆಗೆ ವಾಲುತ್ತಿದೆಯೇ. ತೊಡಕು ಕಾಣಿಸಿಕೊಂಡದ್ದು ಬೆರಳಿನಲ್ಲಾದರೂ ಅದರ ಮೂಲ ಸೊಂಟ ಮತ್ತು ಭುಜಗಳ ಸ್ಥಿರತೆಯಲ್ಲಿರಬಹುದು. ಕಾರಣ ಬೇರೆಯಾದರೆ ಥೆರಪಿಯೂ ಬೇರೆ. ಹಾಗಾಗಿ ಈ ಹಂತದಲ್ಲಿ ಅವಸರ ಸಲ್ಲದು. ಮಗು ತಡವರಿಸಿದಾಗ ನೆರವಾಗಲು ಪೋಷಕರ ಕೈ ತಾನಾಗಿಯೇ ಮುಂದೆ ಬರುತ್ತದೆ, ಅದು ಸಹಜ; ಆದರೂ ಥೆರಪಿಸ್ಟ್ ಹೇಳುವವರೆಗೆ ಸುಮ್ಮನಿರಬೇಕು.

[ದೃಶ್ಯ: ಒಂಬತ್ತು ರಂಧ್ರಗಳ ಹಲಗೆ, ಗಡಿಯಾರ, ಹಿಡಿತದ ಬಲ ಅಳೆಯುವ ಉಪಕರಣ]

ಅಗತ್ಯಕ್ಕೆ ತಕ್ಕಂತೆ ಕೆಲವು ಪ್ರಮಾಣೀಕೃತ ಪರೀಕ್ಷೆಗಳೂ ಇರುತ್ತವೆ. ಹಲಗೆಯ ಒಂಬತ್ತು ರಂಧ್ರಗಳಲ್ಲಿ ಕಡ್ಡಿಗಳನ್ನು ಇಟ್ಟು ಮತ್ತೆ ತೆಗೆಯಲು ಎಷ್ಟು ಸೆಕೆಂಡು ಬೇಕೆಂಬುದರಿಂದ ಬೆರಳುಗಳ ಚುರುಕು ತಿಳಿಯುತ್ತದೆ. ಡೈನಮೋಮೀಟರ್ ಹಿಡಿತದ ಬಲವನ್ನು, ಗೋನಿಯೋಮೀಟರ್ ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂಬುದನ್ನು ಅಳೆಯುತ್ತವೆ. ಸೆನ್ಸರಿ ಪ್ರೊಫೈಲ್ ಎಂಬ ಪ್ರಶ್ನಾವಳಿಯಲ್ಲಿ ಸದ್ದು, ಸ್ಪರ್ಶ, ಬೆಳಕು, ಚಲನೆಗಳಿಗೆ ಮಗು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಸಾಮಾನ್ಯವಾಗಿ ಪೋಷಕರೇ ತುಂಬುತ್ತಾರೆ. ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯಲೇಬೇಕೆಂದಿಲ್ಲ. ದಣಿದ ಮಗುವಿನಿಂದ ಅಥವಾ ರೋಗಿಯಿಂದ ನಿಜವಾದ ಫಲಿತಾಂಶ ಸಿಗುವುದಿಲ್ಲವಾದ್ದರಿಂದ ಉಳಿದದ್ದನ್ನು ಇನ್ನೊಂದು ದಿನಕ್ಕೆ ಮುಂದೂಡುವುದೇ ಸರಿ.

[ದೃಶ್ಯ: ವರದಿಯ ಪುಟ]

ಕೊನೆಗೆ ಲಿಖಿತ ವರದಿ ಕೈಸೇರುತ್ತದೆ. ಅದರಲ್ಲಿ ಬರುವ ‘ಪರ್ಸೆಂಟೈಲ್’ ಅನೇಕರನ್ನು ವಿನಾಕಾರಣ ಹೆದರಿಸುತ್ತದೆ. 30ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ ಮೂವತ್ತು ಅಂಕ ಎಂದರ್ಥವಲ್ಲ. ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಮೂವತ್ತು ಮಕ್ಕಳ ಅಂಕ ಇಷ್ಟೇ ಅಥವಾ ಇದಕ್ಕಿಂತ ಕಡಿಮೆ ಇರುತ್ತದೆ ಎಂದರ್ಥ. ಅನೇಕ ಪರೀಕ್ಷೆಗಳಲ್ಲಿ ಇದು ಸರಾಸರಿ ವ್ಯಾಪ್ತಿಯೊಳಗೇ ಬರುತ್ತದೆ.

ಅಂಕಗಳಿಗಿಂತ ಗುರಿಗಳ ಭಾಗವನ್ನು ಹೆಚ್ಚು ಗಮನವಿಟ್ಟು ಓದಿ. ‘ಕೈಯ ಕೌಶಲ ಸುಧಾರಿಸಬೇಕು’ ಎಂದಷ್ಟೇ ಬರೆದಿದ್ದರೆ ಅದು ಸಾಲದು. ‘ಮೂರು ತಿಂಗಳಲ್ಲಿ, ಐದು ಪ್ರಯತ್ನಗಳಲ್ಲಿ ನಾಲ್ಕು ಬಾರಿ, ಯಾರ ನೆರವೂ ಇಲ್ಲದೆ ಶರ್ಟಿನ ಗುಂಡಿಗಳನ್ನು ಹಾಕಿಕೊಳ್ಳಬೇಕು’ ಎಂಬಂತೆ ಅಳೆದು ನೋಡಬಹುದಾದ ಗುರಿಗಳು ಅಲ್ಲಿರಬೇಕು. ಇಲ್ಲದಿದ್ದರೆ ಸಂಕೋಚಪಡದೆ ಕೇಳಿ. ಮನೆಯಲ್ಲಿ ಪ್ರತಿದಿನ ಏನು ಮಾಡಬೇಕು, ಥೆರಪಿಗೆ ವಾರಕ್ಕೆ ಎಷ್ಟು ಬಾರಿ ಬರಬೇಕು, ಮರುಮೌಲ್ಯಮಾಪನ ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಅಂದೇ ಬರೆಸಿಕೊಂಡು ಬನ್ನಿ.