ಮೊದಲ 80 ರೂಪಾಯಿ

ನಮಸ್ಕಾರ. ಇದು ದಕ್ಷಿಣ ಮುಂಬೈನ ಗಿರ್ಗಾಂವ್. ಲಿಜ್ಜತ್ ಹಪ್ಪಳ ಗೊತ್ತಲ್ವಾ? ಅದು ಹುಟ್ಟಿದ್ದು ಇಲ್ಲೇ. 1959ರ ಮಾರ್ಚ್ 15ರಂದು ಜಸವಂತಿಬೆನ್ ಪೋಪಟ್ ಮತ್ತು ಇನ್ನೂ ಆರು ಹೆಂಗಸರು ಒಂದು ಕಟ್ಟಡದ ತಾರಸಿ ಮೇಲೆ ಕೂತು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆಗಿದ್ದು ನಾಲ್ಕೇ ಪ್ಯಾಕೆಟ್. ಬಂಡವಾಳ 80 ರೂಪಾಯಿ, ಅದೂ ಸಾಲ.

ಆ 80 ರೂಪಾಯಿ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಏಳೂ ಜನರಿಗೆ ಕೈರುಚಿ ಇತ್ತು, ದುಡಿಯುವ ಛಲ ಇತ್ತು. ಬೇಕಾಗಿದ್ದು, ನಂಬಿ ದುಡ್ಡು ಕೊಡುವ ಒಬ್ಬರು. ಸಿಕ್ಕರು. ಇವತ್ತು ಲಿಜ್ಜತ್‌ನಲ್ಲಿ ಸುಮಾರು 45,000 ಹೆಂಗಸರಿದ್ದಾರೆ. ಬೆಳಗ್ಗೆ ಕೇಂದ್ರದಿಂದ ಕಲಸಿದ ಹಿಟ್ಟು ಒಯ್ಯುತ್ತಾರೆ. ಮನೆಯಲ್ಲೇ ಲಟ್ಟಿಸಿ, ಒಣಗಿಸಿ, ಮರುದಿನ ತಂದುಕೊಡುತ್ತಾರೆ. ಯಾರೂ ಕೂಲಿಯವರಲ್ಲ, ಎಲ್ಲರೂ ಪಾಲುದಾರರು. 2021ರಲ್ಲಿ ಜಸವಂತಿಬೆನ್ ಅವರಿಗೆ ಪದ್ಮಶ್ರೀ ಬಂತು.

ಈಗ ಬಂದಿರುವುದು ಲಾಲ್‌ಬಾಗ್, ಪರೇಲ್ ಕಡೆಗೆ. ನೀವು ನೋಡುತ್ತಿರುವ ಈ ಟವರ್‌ಗಳ ಜಾಗದಲ್ಲಿ ಹಿಂದೆ ಬಟ್ಟೆ ಗಿರಣಿಗಳಿದ್ದವು. ಊರು ಬಿಟ್ಟು ಬಂದ ಕಾರ್ಮಿಕರಿಗೆ ಊಟ ಹಾಕುತ್ತಿದ್ದವರು ಖಾನಾವಳಿ ನಡೆಸುವ ಹೆಂಗಸರು. ಚಾಳ್ ಅಂದರೆ ಕಾರ್ಮಿಕರ ವಠಾರ. ಅಲ್ಲಿ ಒಂದೇ ಕೋಣೆ, ಅದರಲ್ಲೇ ಸಂಸಾರ, ಅದರಲ್ಲೇ ಅಡುಗೆ. ಊಟದ ದುಡ್ಡು ಬರುವುದು ಗಿರಣಿಯ ಸಂಬಳ ಆದ ಮೇಲೆ. ಅಕ್ಕಿ, ಬೇಳೆ ಮಾತ್ರ ದಿನಾ ಬೇಕು. ಹಾಗಾಗಿ ಬಡ್ಡಿ ಸಾಲ. ಒಡವೆ ಅಡವು.

ಈ ಹೆಂಗಸರಿಗಾಗಿ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು. ಗೋವಾ ವಿಮೋಚನಾ ಹೋರಾಟದಲ್ಲಿದ್ದ ದಿಟ್ಟೆ ಅವರು. ಒತ್ತೆ ಇಡಲು ಏನೂ ಇಲ್ಲದವರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸಿ, ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಿದರು. ಅಡುಗೆ ಮಾಡಿ ಬದುಕುವವಳನ್ನು ಬ್ಯಾಂಕು ಉದ್ಯಮಿ ಅಂತ ಒಪ್ಪಿಕೊಂಡಿತು! ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಧನೆ ಈ ಪಟ್ಟಣದಲ್ಲಿ ಕಡಿಮೆ.

ಇದೇ ಮುಂಬೈನಲ್ಲಿ ಫಾಲ್ಗುಣಿ ನಾಯರ್, 50ರ ಹತ್ತಿರ ಬಂದಾಗ ಬ್ಯಾಂಕಿಂಗ್ ಕೆಲಸ ಬಿಟ್ಟು 2012ರಲ್ಲಿ ಆನ್‌ಲೈನ್‌ನಲ್ಲಿ ಸೌಂದರ್ಯವರ್ಧಕ ಮಾರುವ ನೈಕಾ ಕಂಪನಿ ಶುರುಮಾಡಿದರು. 2021ರಲ್ಲಿ ಅದು ಷೇರುಪೇಟೆಗೆ ಬಂತು. ಹೆಮ್ಮೆಯ ವಿಷಯವೇ. ಅವರ ಬಗ್ಗೆ ಸಾಕಷ್ಟು ವಿಡಿಯೊಗಳಿವೆ, ನೀವೂ ನೋಡಿರುತ್ತೀರಿ.

ನಾನು ಲೋಕಲ್ ರೈಲು ಹತ್ತಿ ಮುಂಬೈ ಹೊರವಲಯದ ಡೊಂಬಿವಲಿಗೆ ಬಂದೆ. ಇಲ್ಲಿ ವಿಜಯಪುರ ಕಡೆಯ ಒಬ್ಬ ಅಕ್ಕ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ನಸುಕಿನಲ್ಲೇ ರೊಟ್ಟಿ ಬಡಿಯುವ ಸದ್ದು ಶುರು. ಜೊತೆಗೆ ಅಕ್ಕಪಕ್ಕದ ಮೂವರು ಹೆಂಗಸರು. ಮದುವೆ, ಸೀಮಂತ ಅಂದರೆ ಆರ್ಡರ್ ಜಾಸ್ತಿ. ಹಿಟ್ಟು ನಾದುವ ಮಷೀನಿಗೆ ಬಚತ್ ಗಟ್, ಅಂದರೆ ಹೆಂಗಸರ ಉಳಿತಾಯ ಗುಂಪಿನ ಮೂಲಕ ಸಾಲಕ್ಕೆ ಅರ್ಜಿ ಹಾಕುತ್ತಿದ್ದಾರೆ. ಯಾರ ಹೆಸರಲ್ಲಿ ಅಂತ ಕೇಳಿದೆ.

"ನನ್ನ ಹೆಸರಲೇ ರೀ," ಅಂದರು. "ರೊಟ್ಟಿ ಬಡಿಯಾಕಿ ನಾ ಅಲ್ಲೇನು?"