ಬೇವಿನ ಮರದ ಕೆಳಗೆ ಕೂತ ಮಕ್ಕಳಿಗೂ ಆಟ ಬೇಕು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ವಿಜಯಪುರದ ಕಡೆ ಆಟದ ಪೀರಿಯಡ್ ಅಂದರೆ ಹೆಚ್ಚಾಗಿ ಖೋ-ಖೋ, ಇಲ್ಲವೇ ಕಬಡ್ಡಿ. ಎರಡೂ ಒಳ್ಳೆಯ ಆಟಗಳೇ. ಆದರೆ ಖೋ-ಖೋ ನಡೆದಾಗ ಒಮ್ಮೆ ಲೆಕ್ಕ ಹಾಕಿ ನೋಡಿ. ಎಂಟು ಮಂದಿ ಸಾಲಿನಲ್ಲಿ ಕೂತಿರುತ್ತಾರೆ. ಒಬ್ಬಳು ಬೆನ್ನಟ್ಟುತ್ತಾಳೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ಅಂಕಣದಲ್ಲಿ ಇರುವವರು 12, ಓಡುವವರು ನಾಲ್ಕೇ ಜನ. ತರಗತಿಯಲ್ಲಿ 42 ಮಕ್ಕಳಿದ್ದರೆ ಉಳಿದ 30 ಮಕ್ಕಳು ಎಲ್ಲಿ? ಬೇವಿನ ಮರದ ಕೆಳಗೆ ಸುಮ್ನೆ ಕೂತಿರುತ್ತಾರೆ. ಹಾಗೆ ಕೂತವರು ಯಾರು ಅಂತ ನೋಡಿ. ಮೈ ಭಾರ ಇರುವ ಹುಡುಗ, ನಾಚಿಕೆಯ ಹುಡುಗಿ, ಓಟದಲ್ಲಿ ಹಿಂದೆ ಬೀಳುವವರು. ಆಟ ಜಾಸ್ತಿ ಬೇಕಾಗಿರುವುದು ಅವರಿಗೇ, ಅಲ್ವಾ?

ಟೂರ್ನಮೆಂಟಿಗೆ ತಂಡ ಕಟ್ಟುವುದು ಬೇರೆ ಕೆಲಸ, ಪಾಠ ಮಾಡುವುದು ಬೇರೆ ಕೆಲಸ. ಪಾಠದಲ್ಲಿ ಎಲ್ಲರೂ ಓಡಬೇಕು. ಅದಕ್ಕೆ ಮೈದಾನಕ್ಕೆ ಬರುವ ಮೊದಲೇ ಯೋಚನೆ ಮಾಡಿರಬೇಕು.

40 ನಿಮಿಷದ ಒಂದು ಪೀರಿಯಡ್ ತೆಗೆದುಕೊಳ್ಳೋಣ. ಮೊದಲ ಐದಾರು ನಿಮಿಷ ಮುಟ್ಟಾಟ ಆಡಿಸಿ, ಮೈ ಬಿಸಿಯಾಗಲಿ. ಆಮೇಲೆ ಒಂದೇ ಒಂದು ಕೌಶಲ ಆರಿಸಿಕೊಳ್ಳಿ. ಇವತ್ತು ಖೋ ಕೊಡುವುದು, ಅಷ್ಟೇ. ಕೂತವಳ ಹಿಂದಿನಿಂದ ಬಂದು ಬೆನ್ನು ಮುಟ್ಟಬೇಕು, ಜೋರಾಗಿ ‘ಖೋ’ ಅನ್ನಬೇಕು. ಎದ್ದವಳು ಒಮ್ಮೆ ಒಂದು ದಿಕ್ಕು ಹಿಡಿದರೆ ಕಂಬದವರೆಗೂ ಅದೇ ದಿಕ್ಕಿಗೆ ಹೋಗಬೇಕು, ಇಲ್ಲವೇ ಇನ್ನೊಬ್ಬರಿಗೆ ಖೋ ಕೊಡಬೇಕು. ನಡುವಿನ ಪಟ್ಟಿ ದಾಟುವಂತಿಲ್ಲ. ಇದನ್ನು ಎರಡು ನಿಮಿಷದಲ್ಲಿ ಮಾಡಿ ತೋರಿಸಿ. ಭಾಷಣ ಬೇಡ, ಬಿಸಿಲಲ್ಲಿ ನಿಂತ ಮಕ್ಕಳ ಕಿವಿಗೆ ಉದ್ದದ ಮಾತು ಹೋಗುವುದಿಲ್ಲ.

ಈಗ 42 ಮಕ್ಕಳನ್ನು ಏಳೇಳರ ಆರು ಗುಂಪು ಮಾಡಿ. ಸುಣ್ಣದ ಪುಡಿಯಲ್ಲಿ ಆರು ಸಣ್ಣ ಅಂಕಣ ಎಳೆಯಿರಿ. ಕಂಬ ಇಲ್ಲದಿದ್ದರೆ ಒಂದೊಂದು ತುದಿಗೆ ಒಂದೊಂದು ಸುತ್ತು ಬರೆದರೂ ನಡೆಯುತ್ತದೆ. ಪ್ರತಿ ಗುಂಪಿನಲ್ಲಿ ನಾಲ್ವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಒಬ್ಬರು ಬೆನ್ನಟ್ಟುತ್ತಾರೆ, ಒಬ್ಬರು ಓಡುತ್ತಾರೆ, ಏಳನೆಯವರು ಎಷ್ಟು ಸಲ ಸಿಕ್ಕಿಬಿದ್ದರು ಅಂತ ಎಣಿಸುತ್ತಾರೆ. ಸಿಕ್ಕಿಬಿದ್ದರೂ ಔಟ್ ಇಲ್ಲ, ಓಟ ಮುಂದುವರಿಯಲಿ. ಔಟ್ ಅಂತ ಹೊರಗೆ ಕಳಿಸಿದರೆ ನಿಧಾನ ಓಡುವ ಮಗು ಮತ್ತೆ ಮರದ ಕೆಳಗೇ ಹೋಗುತ್ತದೆ! ನಿಮಿಷಕ್ಕೊಮ್ಮೆ ಸೀಟಿ ಊದಿ, ಓಡುವವರನ್ನು ಬದಲಿಸಿ. ಏಳು ನಿಮಿಷ ಆಗುವಷ್ಟರಲ್ಲಿ ಎಲ್ಲರೂ ಒಂದೊಂದು ನಿಮಿಷ ಓಡಿರುತ್ತಾರೆ. ಒಂದು ಮಾತು ಮರೆಯಬೇಡಿ: ಎಣಿಸುವ ಕೆಲಸ ಯಾವಾಗಲೂ ಅದೇ ದಪ್ಪ ಹುಡುಗನಿಗೆ ಬೀಳದಂತೆ ನೋಡಿಕೊಳ್ಳಿ.

ಉಳಿದ ಹೊತ್ತಿನಲ್ಲಿ ಎರಡೆರಡು ಗುಂಪು ಸೇರಿಸಿ ಆಟ ಆಡಿಸಿ. ಕೊನೆಗೆ ನಿಧಾನ ನಡಿಗೆ, ಆಮೇಲೆ ನೀರು.

ನಮ್ಮ ನೆಲದ ವಿಷಯವನ್ನೂ ಹೇಳಲೇಬೇಕು. ಎರೆ ಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕರೆ ಪಾದ ಹೊರಳುತ್ತದೆ. ಆದ್ದರಿಂದ ಮಕ್ಕಳು ಬರುವ ಮೊದಲು ಮೈದಾನದಲ್ಲಿ ಒಂದು ಸುತ್ತು ಹಾಕಿ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಡ್‌ಮಾಸ್ತರರೇ, ಹೆಡ್‌ಮೇಡಂ ಅವರೇ, ಆಟದ ಪೀರಿಯಡ್ ಅನ್ನು ಮಧ್ಯಾಹ್ನ ಊಟ ಆದ ಕೂಡಲೇ ಇಡಬೇಡಿ. ಮಳೆ ಬಂದರೆ ವರಾಂಡದಲ್ಲಿ ಲೆಜೀಮ್, ಅಂದರೆ ತಾಳದ ಬಿಲ್ಲೆ ಕಟ್ಟಿದ ಕೋಲು ಹಿಡಿದು ಮಾಡುವ ಕವಾಯತು, ಮಾಡಿಸಿ. ಆಗಸ್ಟ್ 15ಕ್ಕೆ ಮಾತ್ರ ಹೊರಗೆ ತೆಗೆದು, ಆಮೇಲೆ ಮೂಲೆಯಲ್ಲಿ ತುಕ್ಕು ಹಿಡಿಸುವ ಸಾಮಾನಲ್ಲ ಅದು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಒಂದು ಪೀರಿಯಡ್ಡಿನಿಂದ ಅದು ತುಂಬುವುದಿಲ್ಲ. ಅಂಥದ್ದರಲ್ಲಿ ಪರೀಕ್ಷೆ ಹತ್ತಿರ ಬಂತು ಅಂತ ಅದನ್ನೂ ಗಣಿತಕ್ಕೆ ಕೊಡುವುದು ಸರಿಯಲ್ಲ. ತಾಯಂದಿರೇ, ಎಂಟನೇ ತರಗತಿಗೆ ಬಂದಳು ಅಂತ ಮಗಳ ಆಟ ನಿಲ್ಲಿಸಬೇಡಿ.

ಶಿಕ್ಷಕ ಗೆಳೆಯರೇ, ಪೀರಿಯಡ್ ಮುಗಿದ ಮೇಲೆ ಗೆದ್ದವರ ಹೆಸರು ಬರೆಯದಿದ್ದರೂ ಪರವಾಗಿಲ್ಲ. ಇವತ್ತು ಯಾರು ಓಡಲಿಲ್ಲ, ಯಾಕೆ ಓಡಲಿಲ್ಲ, ಅದನ್ನು ಬರೆದಿಡಿ. ಚಪ್ಪಲಿ ಹರಿದಿತ್ತೋ, ಹೊಟ್ಟೆನೋವೋ, ಯಾರಾದರೂ ನಕ್ಕಿದ್ದರೋ ಕೇಳಿ ತಿಳಿದುಕೊಳ್ಳಿ. ಮುಂದಿನ ಪಾಠದ ಯೋಜನೆ ಬರೆಯುವಾಗ ಮೊದಲು ಆ ಪುಟ ತೆರೆಯಿರಿ.

ನಮಸ್ಕಾರ.