ಕೈಕಾಲು ಬೀಳದೆಯೂ ಲಕ್ವ ಹೊಡೆಯುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಲಕ್ವ ಅಂದ ಕೂಡಲೇ ನೆನಪಾಗುವುದು ಸೊಟ್ಟಗಾದ ಬಾಯಿ, ಬಿದ್ದುಹೋದ ಕೈ. ಅದು ಕಂಡರೆ ಮನೆಯವರು ಆಸ್ಪತ್ರೆಗೆ ಓಡುತ್ತಾರೆ. ನನಗೆ ಚಿಂತೆ ಇರುವುದು ಹಾಗೆ ಕಾಣಿಸದ ಲಕ್ವದ ಬಗ್ಗೆ.

ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಜಾಗದ ಕೆಲಸ ನಿಲ್ಲುತ್ತದೆ. ಎಡ ಮಿದುಳು ಬಲಗೈ, ಬಲಗಾಲನ್ನು ಆಡಿಸುತ್ತದೆ. ಹೆಚ್ಚಿನವರಲ್ಲಿ ಮಾತಿನ ಜಾಗವೂ ಅಲ್ಲೇ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಒಬ್ಬ ರೋಗಿಯನ್ನು ನೋಡಿದರು. ಏನು ಕೇಳಿದರೂ ಆತನ ಬಾಯಿಂದ ಬರುತ್ತಿದ್ದುದು ‘ಟಾನ್’ ಅನ್ನುವ ಸದ್ದು. ಬೇರೆಯವರ ಮಾತು ಮಾತ್ರ ತಿಳಿಯುತ್ತಿತ್ತು. ಆತ ತೀರಿಕೊಂಡ ಮೇಲೆ ನೋಡಿದರೆ ಎಡ ಮಿದುಳಿನ ಮುಂಭಾಗ ಹಾಳಾಗಿತ್ತು. ಅದಕ್ಕಿಂತ ಸ್ವಲ್ಪ ಹಿಂದೆ ಪೆಟ್ಟಾದರೆ ಮಾತು ಸರಾಗ, ಆದರೆ ಅರ್ಥವಿಲ್ಲ. ಕೈಕಾಲು ಸರಿಯಾಗಿಯೇ ಇರಬಹುದು. ಪಾಪ, ತಲೆ ಕೆಟ್ಟಿದೆ ಅಂತ ಮನೆಯವರು ಸುಮ್ಮನಾಗಿಬಿಡುತ್ತಾರೆ.

ಬಲ ಮಿದುಳಿನ ಲಕ್ವ ಇನ್ನೂ ವಿಚಿತ್ರ. ತಟ್ಟೆಯ ಬಲಗಡೆಯ ಅನ್ನ ಮಾತ್ರ ಉಣ್ಣುತ್ತಾರೆ. ಎಡಗಡೆಯದು ಹಾಗೇ ಉಳಿಯುತ್ತದೆ. ತಟ್ಟೆ ತಿರುಗಿಸಿಟ್ಟರೆ ಅದನ್ನೂ ಉಣ್ಣುತ್ತಾರೆ! ಕಣ್ಣಿಗೆ ಏನೂ ಆಗಿರದಿದ್ದರೂ ಎಡಗಡೆ ಅನ್ನುವುದೇ ಅವರ ಗಮನದಿಂದ ಹೋಗಿರುತ್ತದೆ. ‘ನನಗೇನೂ ಆಗಿಲ್ಲ’ ಅಂತ ಅವರು ಹೇಳಿದರೆ ನಂಬಿ ಕೂರಬೇಡಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ತಲೆಯ ಹಿಂಭಾಗದ ಲಕ್ವ. ಅಲ್ಲಿರುವ ಕಿರುಮಿದುಳು ಮೈಯ ಹಿಡಿತ ಕಾಯುತ್ತದೆ. ಅದಕ್ಕೆ ಪೆಟ್ಟಾದರೆ ತಲೆ ಗಿರ್ರನೆ ತಿರುಗುತ್ತದೆ, ವಾಂತಿಯಾಗುತ್ತದೆ, ನಡೆದರೆ ಒಂದು ಕಡೆಗೆ ವಾಲುತ್ತಾರೆ. ಕೈಯಲ್ಲಿ ಬಲ ಇರುತ್ತದೆ, ಲೋಟ ಹಿಡಿಯಲು ಹೋದರೆ ಗುರಿ ತಪ್ಪುತ್ತದೆ. ನಾವು ಏನು ಮಾಡುತ್ತೇವೆ? ಪಿತ್ತ ಅಂತ ನಿಂಬೆ ಶರಬತ್ತು ಕುಡಿಸಿ ಮಲಗಿಸುತ್ತೇವೆ, ಅಲ್ವಾ? ಆದರೆ ಕಿರುಮಿದುಳು ಊದಿಕೊಂಡರೆ ಪಕ್ಕದ ಮಿದುಳುಕಾಂಡವನ್ನು ಒತ್ತುತ್ತದೆ. ಉಸಿರಾಟ ನಡೆಸುವುದೇ ಅದು. ಲಕ್ವದಲ್ಲಿ ನುಂಗುವ ಶಕ್ತಿಯೂ ತಪ್ಪಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಹಾಗಾಗಿ ಬಾಯಿಗೆ ಏನೂ ಹಾಕಬೇಡಿ.

ಇದ್ದಕ್ಕಿದ್ದಂತೆ ತಲೆ ತಿರುಗಿ ನಿಲ್ಲಲು ಆಗದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ನೋಟದ ಅರ್ಧ ಭಾಗ ಮಾಯವಾದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವವಾಗಿದ್ದರೆ ಅದೇ ಮದ್ದು ಅಪಾಯ. ಅದಕ್ಕೇ ಮೊದಲು ಸ್ಕ್ಯಾನ್. ರೋಗಿ ಕೊನೆಯದಾಗಿ ಎಷ್ಟು ಗಂಟೆಗೆ ಚೆನ್ನಾಗಿದ್ದರು ಅನ್ನುವುದನ್ನು ವೈದ್ಯರಿಗೆ ಮರೆಯದೆ ಹೇಳಿ.